ರಮ್ಮಿಗೆ ನೀರು ಬೆರೆಸಿದ ಅಡ್ಮಿರಲ್

ಹೋದ ತಿಂಗಳು ಇದೇ ಅಂಕಣದಲ್ಲಿ ರಾಮನವಮಿ ಪಾನಕದ ಬಗ್ಗೆ ಬರೆದಿದ್ದೆ. ಬೆಲ್ಲ, ನಿಂಬೆಹಣ್ಣು, ಶುಂಠಿ, ಏಲಕ್ಕಿ, ನೀರು. ಈ ಸಲ ಆ ಪಾನಕದ ದೂರದ ದಾಯಾದಿಯೊಬ್ಬನ ಕತೆ. ಹೆಸರು ಡೈಕಿರಿ. ರಮ್ಮು, ನಿಂಬೆರಸ, ಸಕ್ಕರೆ, ಐಸು, ಅಷ್ಟೇ. ಬೆಂಗಳೂರಿನ ಪಬ್ಬುಗಳಲ್ಲಿ ಇದನ್ನು ಕಾಲುದ್ದದ ಗಾಜಿನ ಲೋಟದಲ್ಲಿ ಕೊಟ್ಟು ಒಂದು ಮೂಟೆ ಈರುಳ್ಳಿಯ ದುಡ್ಡು ಕೀಳುತ್ತಾರೆ.

ಮನೆಮಂದಿಯೆಲ್ಲ ಓದೋ ಪತ್ರಿಕೆಯಲ್ಲಿ ಇದೆಂಥ ವಿಷಯ ಅಂತ ಹುಬ್ಬು ಗಂಟಿಕ್ಕಿದವರು ದಯವಿಟ್ಟು ಸ್ವಲ್ಪ ತಾಳಿ. ಕುಡೀರಿ ಅಂತ ಹೇಳೋದಕ್ಕೆ ನಾನು ಇದನ್ನು ಬರೀತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ, ಇಷ್ಟು ಕುಡಿದರೆ ಅಪಾಯವಿಲ್ಲ ಅನ್ನೋ ಅಳತೆಯೇ ಇಲ್ಲ ಅಂತ ಹೇಳಿಯಾಗಿದೆ. ಅದನ್ನು ಮೊದಲೇ ಹೇಳಿಬಿಡ್ತೀನಿ. ಆದರೆ ನಮ್ಮ ಕಡೆ ಮನೆಗಳಲ್ಲಿ ಕುಡಿತದ ಮಾತು ಬರೋದೇ ಯಾರಾದರೂ ಕುಡಿದು ಬಿದ್ದಾಗ, ಇಲ್ಲಾ ಕುಡಿದು ಸತ್ತಾಗ. ಉಳಿದ ದಿನ ಅದು ಬೀರುವಿನ ಹಿಂದೆ, ಗಾಡಿ ಡಿಕ್ಕಿಯಲ್ಲಿ, ತೋಟದ ಮೋಟರ್ ಮನೆಯಲ್ಲಿ ಇರುತ್ತೆ. ಎಲ್ಲರಿಗೂ ಗೊತ್ತು, ಯಾರೂ ಆಡಲ್ಲ. ಹಾಗಾಗಿ ಒಂದು ಸಲ ಬೆಳಕಲ್ಲಿ ಕೂತು ಮಾತಾಡೋಣ ಅನ್ನಿಸಿತು.

ಡೈಕಿರಿಯ ಮೂರು ಸಾಮಾನಿನಲ್ಲಿ ಎರಡು ಹೊರಟಿದ್ದು ನಮ್ಮ ದಿಕ್ಕಿನಿಂದಲೇ. ಕಬ್ಬಿನ ಹುಟ್ಟೂರು ನ್ಯೂಗಿನಿ ಅಂತಾರೆ. ಆದರೆ ಅದರ ಹಾಲನ್ನು ಕಾಯಿಸಿ ಹರಳು ಮಾಡೋ ವಿದ್ಯೆ ಬೆಳೆದದ್ದು ಭಾರತದಲ್ಲಿ. ಸಂಸ್ಕೃತದ ಶರ್ಕರಾ ನಮ್ಮಲ್ಲಿ ಸಕ್ಕರೆ ಆಯಿತು, ಅರಬ್ಬರ ಬಾಯಲ್ಲಿ ಸುಕ್ಕರ್ ಆಯಿತು, ಇಂಗ್ಲಿಷರಿಗೆ ಶುಗರ್ ಆಯಿತು. ನಿಂಬೆಯೂ ಏಷ್ಯಾದ್ದೇ. ಅದೂ ಅರಬ್ಬರ ಜೊತೆ ಸ್ಪೇನಿಗೆ ಹೋಯಿತು. ಕೊಲಂಬಸ್ 1493ರಲ್ಲಿ ಎರಡನೇ ಸಲ ಹಡಗು ಹತ್ತಿದಾಗ ಕಬ್ಬಿನ ತುಂಡುಗಳನ್ನೂ ನಿಂಬೆ ಜಾತಿಯ ಬೀಜಗಳನ್ನೂ ಒಯ್ದ. ಕ್ಯೂಬಾದಲ್ಲಿ ಇವತ್ತಿಗೂ ಡೈಕಿರಿಗೆ ಹಿಂಡೋ ಸಣ್ಣ, ತೆಳು ಸಿಪ್ಪೆಯ ಹಣ್ಣು ನಮ್ಮ ನಾಟಿ ನಿಂಬೆಯ ಜಾತಿಯದೇ. ಗುಬ್ಬಿ ಸಂತೆಯಲ್ಲಿ ಗುಡ್ಡೆ ಹಾಕಿ ಮಾರೋ ಹಣ್ಣಿಗೂ ಹವಾನಾದ ಹಣ್ಣಿಗೂ ನೆಂಟಸ್ತಿಕೆ ಇದೆ ಅಂದರೆ ಮಾರೋ ಅಜ್ಜಿ ನಂಬಲಿಕ್ಕಿಲ್ಲ.

ಇನ್ನು ರಮ್ಮು. ಆಲೆಮನೆ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತೆ. ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕುದಿಸಿ, ಅಷ್ಟನ್ನೂ ಅಚ್ಚಿಗೆ ಸುರಿದರೆ ಬೆಲ್ಲ. ಅದರಿಂದ ಬಿಳಿ ಹರಳನ್ನು ಮಾತ್ರ ಬೇರೆ ಮಾಡಿ ತೆಗೆದರೆ ಸಕ್ಕರೆ, ಉಳಿಯೋ ಕಪ್ಪು ಪಾಕ ಕಾಕಂಬಿ. ಬೆಲ್ಲದಲ್ಲಿ ಏನೂ ಮಿಗಲ್ಲ, ಸಕ್ಕರೆ ಕಾರ್ಖಾನೆಯಲ್ಲಿ ಕಾಕಂಬಿ ಮಿಗುತ್ತೆ. 17ನೇ ಶತಮಾನದಲ್ಲಿ ಕೆರಿಬಿಯನ್ ದ್ವೀಪಗಳಲ್ಲಿ ಇಂಗ್ಲಿಷರು, ಫ್ರೆಂಚರು ಸಕ್ಕರೆ ತೋಟ ಮಾಡಿದಾಗ ಈ ಕಾಕಂಬಿ ಹೊಳೆಯಾಗಿ ಹರಿಯಿತು. ಅದಕ್ಕೆ ನೀರು ಸೇರಿಸಿ ಬಿಟ್ಟರೆ ತಾನೇ ಹುಳಿ ಬರುತ್ತೆ. ಹುಳಿ ಬಂದದ್ದನ್ನು ಬಟ್ಟಿ ಇಳಿಸಿದರೆ ರಮ್ಮು. ಕಬ್ಬು ಕಡಿದವರು, ಗಾಣ ತಿರುವಿದವರು, ಕೊಪ್ಪರಿಗೆ ಮುಂದೆ ಬೆಂದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಆ ರಮ್ಮನ್ನೇ ಕೊಟ್ಟು ಆಫ್ರಿಕಾದ ತೀರದಲ್ಲಿ ಮತ್ತಷ್ಟು ಜನರನ್ನು ಕೊಂಡರು. ಈ ಪಾನೀಯದ ಬಣ್ಣಬಣ್ಣದ ಪುಸ್ತಕಗಳಲ್ಲಿ ಈ ಭಾಗ ಒಂದು ಸಾಲಿನಲ್ಲಿ ಮುಗಿದುಹೋಗುತ್ತೆ. ನಾನೂ ನಾಲ್ಕು ಸಾಲಲ್ಲಿ ಮುಗಿಸ್ತಿದ್ದೀನಿ, ಆದರೆ ಓದುವವರು ಮರೀಬೇಡಿ.

ನನಗೆ ಇಡೀ ಕತೆಯಲ್ಲಿ ಬಹಳ ಹಿಡಿಸಿದ್ದು ಮುಂದಿನ ಭಾಗ. ಬ್ರಿಟಿಷ್ ನೌಕಾಪಡೆಯಲ್ಲಿ ನಾವಿಕರಿಗೆ ದಿನಕ್ಕೆ ಇಷ್ಟು ಅಂತ ಮದ್ಯ ಕೊಡೋ ಪದ್ಧತಿ ಇತ್ತು. ಹಡಗಿನ ಪೀಪಾಯಿಯಲ್ಲಿ ನೀರು ಪಾಚಿ ಕಟ್ಟುತ್ತೆ, ಬಿಯರು ಹಳಸುತ್ತೆ, ರಮ್ಮು ಮಾತ್ರ ಕೆಡಲ್ಲ. ಹಾಗಾಗಿ ವೆಸ್ಟ್ ಇಂಡೀಸ್ ಕಡೆ ಹೋದ ಹಡಗುಗಳಲ್ಲಿ ತಲೆಗೆ ದಿನಕ್ಕೆ ಅರ್ಧ ಪಿಂಟು ರಮ್ಮು. ನಮ್ಮ ಲೆಕ್ಕದಲ್ಲಿ ಸುಮಾರು ಕಾಲು ಲೀಟರ್, ಅಂದರೆ ಒಂದು ಕ್ವಾರ್ಟರ್ ಬಾಟಲಿಗಿಂತ ಜಾಸ್ತಿ. ಅದನ್ನು ಅವರು ಹಸಿಹಸಿಯಾಗಿ, ಬಹಳ ಸಲ ಒಂದೇ ಗುಟುಕಿಗೆ ಎತ್ತಿಬಿಡುತ್ತಿದ್ದರು. ಆಮೇಲೆ ಹಡಗಿನ ಹಗ್ಗ ಹತ್ತಬೇಕು! ಬಿದ್ದವರೆಷ್ಟೋ, ಹೊಡೆದಾಡಿದವರೆಷ್ಟೋ.

ಎಡ್ವರ್ಡ್ ವರ್ನನ್ ಅನ್ನೋ ಅಡ್ಮಿರಲ್ 1740ರ ಆಗಸ್ಟ್ 21ರಂದು ಜಮೈಕಾದಲ್ಲಿ ಒಂದು ಹುಕುಂ ಹೊರಡಿಸಿದ. ರಮ್ಮು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ದಂಗೆ ಏಳ್ತಿದ್ದರು. ಬದಲಿಗೆ ಅರ್ಧ ಪಿಂಟು ರಮ್ಮಿಗೆ ಒಂದು ಕ್ವಾರ್ಟು ನೀರು ಬೆರೆಸಿ, ಅಂದರೆ ಒಂದಕ್ಕೆ ನಾಲ್ಕು ಪಾಲು, ಬೆಳಿಗ್ಗೆ ಒಂದು ಸಲ ಸಂಜೆ ಒಂದು ಸಲ ಅಂತ ಎರಡು ಹಂತದಲ್ಲಿ ಹಂಚಬೇಕು ಅಂದ. ಬೆರೆಸೋದು ಗುಟ್ಟಾಗಿ ಅಲ್ಲ, ಹಡಗಿನ ಮೇಲ್ಗಡೆ, ಎಲ್ಲರ ಎದುರು, ಪಹರೆಯ ಲೆಫ್ಟಿನೆಂಟ್ ಕಣ್ಮುಂದೆ. ತಮ್ಮ ಪಾಲಿಗೆ ಮೋಸ ಆಗಲಿಲ್ಲ ಅಂತ ನಾವಿಕರಿಗೂ ಗೊತ್ತಾಗಬೇಕಲ್ಲ! ಇದರ ಕೊನೆಗೆ ಇನ್ನೊಂದು ಮಾತು ಸೇರಿಸಿದ: ಉಪ್ಪು ಮಾಂಸ, ರೊಟ್ಟಿ ಉಳಿಸಿಕೊಂಡವರು ಅದರ ಬದಲಿಗೆ ಸಕ್ಕರೆ, ನಿಂಬೆಹಣ್ಣು ಕೊಂಡು ಇದಕ್ಕೆ ಹಾಕಿಕೊಳ್ಳಬಹುದು, ರುಚಿಯಾಗಿರುತ್ತೆ.

ರಮ್ಮು, ನಿಂಬೆ, ಸಕ್ಕರೆ, ನೀರು. ಡೈಕಿರಿಯ ಮುತ್ತಜ್ಜ ಹುಟ್ಟಿದ್ದು ಹೀಗೆ, ಕುಡಿತ ಕಡಿಮೆ ಮಾಡಿಸೋ ಸರ್ಕಾರಿ ಆದೇಶದಲ್ಲಿ. ವರ್ನನ್ ಗ್ರೋಗ್ರಾಮ್ ಅನ್ನೋ ಒರಟು ಬಟ್ಟೆಯ ಕೋಟು ಹಾಕ್ತಿದ್ದ. ನಾವಿಕರು ಅವನಿಗೆ ಮುದಿ ಗ್ರಾಗ್ ಅಂತ ಅಡ್ಡಹೆಸರಿಟ್ಟಿದ್ದರು, ಅವನು ನೀರು ಬೆರೆಸಿದ ರಮ್ಮಿಗೂ ಗ್ರಾಗ್ ಅಂತಲೇ ಹೆಸರಾಯಿತು. ಅವನ ಕೈಕೆಳಗೆ ಕೆಲಸ ಮಾಡಿದ ಲಾರೆನ್ಸ್ ವಾಷಿಂಗ್ಟನ್ ಊರಿಗೆ ಹೋಗಿ ತನ್ನ ಎಸ್ಟೇಟಿಗೆ ಮೌಂಟ್ ವರ್ನನ್ ಅಂತ ಹೆಸರಿಟ್ಟ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಅವನ ತಮ್ಮ.

ನಿಂಬೆ ಹಾಕಿದ್ದಕ್ಕೆ ಇನ್ನೊಂದು ಲಾಭವಾಯಿತು, ಅದು ವರ್ನನ್‌ಗೂ ಪೂರ್ತಿ ತಿಳಿದಿರಲಿಕ್ಕಿಲ್ಲ. ದೂರ ಪ್ರಯಾಣದ ನಾವಿಕರು ಸ್ಕರ್ವಿ ಬಂದು, ವಸಡು ಕೊಳೆತು ಸಾಯ್ತಿದ್ದರು. ಜೇಮ್ಸ್ ಲಿಂಡ್ ಅನ್ನೋ ಹಡಗಿನ ವೈದ್ಯ 1747ರಲ್ಲಿ 12 ಜನ ರೋಗಿಗಳನ್ನು ಇಬ್ಬಿಬ್ಬರಂತೆ ಜೋಡಿ ಮಾಡಿ ಬೇರೆ ಬೇರೆ ಔಷಧ ಕೊಟ್ಟು ನೋಡಿದ. ಕಿತ್ತಳೆ, ನಿಂಬೆ ತಿಂದ ಇಬ್ಬರು ಬೇಗ ಎದ್ದು ಕೂತರು. ಇಷ್ಟು ಸ್ಪಷ್ಟವಾಗಿದ್ದರೂ ನೌಕಾಪಡೆ ಎಲ್ಲರಿಗೂ ನಿಂಬೆರಸ ಕೊಡಬೇಕು ಅಂತ ತೀರ್ಮಾನಿಸಿದ್ದು 1795ರಲ್ಲಿ. 48 ವರ್ಷ! ನಮ್ಮ ಆಫೀಸಲ್ಲಿ ಒಂದು ಬಗ್ ಸರಿಮಾಡೋಕೆ ಎರಡು ವಾರ ತಗೊಂಡರೆ ಮೀಟಿಂಗ್ ಮೇಲೆ ಮೀಟಿಂಗ್ ಇಡ್ತಾರೆ. ದಿನದ ರಮ್ಮಿನ ಪಾಲು ಪೂರ್ತಿ ನಿಂತಿದ್ದು 1970ರ ಜುಲೈ 31ಕ್ಕೆ. ನಾವಿಕರು ಆವತ್ತು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡಿದ್ದರಂತೆ.

ಈಗ ಊರಿಗೆ ಬರೋಣ. ನಮ್ಮೂರು ಬಿದರೆಹಳ್ಳಿ ಕಾವಲ್ ಪಕ್ಕ. ಕಾವಲು ಅಂದರೆ ದನ ಮೇಯೋ ಹುಲ್ಲುಗಾವಲು. ನಾನು ಚಿಕ್ಕವಳಿದ್ದಾಗ ಅಲ್ಲಿ ದನ, ಕುರಿ, ಬಿಸಿಲು ಬಿಟ್ಟು ಬೇರೇನೂ ಇರಲಿಲ್ಲ. ಆಗ ನಮಗೆ ಗೊತ್ತಿದ್ದ ಮದ್ಯ ಅಂದರೆ ಸಾರಾಯಿ ಪ್ಯಾಕೆಟ್ಟು. ಅದೂ ಕಾಕಂಬಿಯದೇ ಸ್ಪಿರಿಟ್ಟು, ಸರ್ಕಾರ ಗುತ್ತಿಗೆ ಕೊಟ್ಟು ಮಾರಿಸ್ತಿದ್ದದ್ದು. ವಂಶಾವಳಿ ನೋಡಿದರೆ ರಮ್ಮಿನ ಬಡ ತಮ್ಮ. ಅಂಗೈಯಗಲದ ಪ್ಲಾಸ್ಟಿಕ್ ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಲ್ಲಿ ಕಚ್ಚಿ, ತಲೆ ಹಿಂದಕ್ಕೆ ಮಾಡಿ, ಕಣ್ಣು ಮುಚ್ಚಿ ಹಿಂಡಿಕೊಂಡರೆ ಮುಗಿಯಿತು. ಲೋಟ ಬೇಡ, ನೀರು ಬೇಡ, ಕೂರೋ ಜಾಗವೂ ಬೇಡ. ಖಾಲಿ ಪ್ಯಾಕೆಟ್ಟುಗಳು ಬಸ್‌ಸ್ಟಾಪಿನ ಹಿಂದೆ ಬಿದ್ದಿರ್ತಿದ್ದವು, ನಾವು ಮಕ್ಕಳು ಊದಿ ಕಾಲಲ್ಲಿ ತುಳಿದು ಪಟ್ ಅನ್ನಿಸ್ತಿದ್ದೆವು.

ನಮ್ಮ ದೊಡ್ಡಪ್ಪ ಆ ಪ್ಯಾಕೆಟ್ಟಿಗೇ ಹೋದರು. ಒಳ್ಳೇ ಮನುಷ್ಯ, ತೆಂಗಿನ ಮರ ಹತ್ತೋದರಲ್ಲಿ ಸುತ್ತಮುತ್ತ ಎತ್ತಿದ ಕೈ. ಬೆಳಿಗ್ಗೆ ಕೈ ನಡುಗುತ್ತೆ ಅಂತ ಒಂದು, ಕೆಲಸ ಮುಗೀತು ಅಂತ ಒಂದು, ಆಮೇಲೆ ಲೆಕ್ಕ ಇರ್ತಿರಲಿಲ್ಲ. ಹೊಟ್ಟೆಗೆ ಒಂದು ಮುದ್ದೆ ಬೀಳೋ ಮುಂಚೆಯೇ ಎರಡು ಬಿದ್ದಿರ್ತಿತ್ತು. ಕಣ್ಣು ಹಳದಿಯಾಯಿತು, ಹೊಟ್ಟೆ ಊದಿತು, ತೋಟದಲ್ಲಿ ಅವರ ಪಾಲಿನ ಅರ್ಧ ಆಸ್ಪತ್ರೆಗೆ ಹೋಯಿತು. ಅವರು ತೀರಿಕೊಂಡು ಎರಡು ವರ್ಷಕ್ಕೆ, 2007ರ ಜುಲೈ 1ರಿಂದ, ಕರ್ನಾಟಕದಲ್ಲಿ ಸಾರಾಯಿ ನಿಷೇಧ ಆಯಿತು. ದೊಡ್ಡಮ್ಮ ಆವತ್ತು ಪೇಪರ್ ತಂದು ನನ್ನ ಕೈಲಿ ಎರಡು ಸಲ ಓದಿಸಿದ್ದರು.

ನಿಷೇಧದಿಂದ ಕುಡಿತ ನಿಂತಿತಾ? ಇಲ್ಲ. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಅಂಚು, ಕೋಲಾರ, ಆಚೆ ಕೃಷ್ಣಗಿರಿಯಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಉಳಿದವರು ಅಗ್ಗದ ವಿಸ್ಕಿಗೆ, ರಮ್ಮಿಗೆ ಬದಲಾದರು. ಈಗ ಪ್ಯಾಕೆಟ್ಟಿನ ಬದಲು 90 ಮಿಲಿಯ ಟೆಟ್ರಾ ಡಬ್ಬಿ ಬಂದಿದೆ, ಜ್ಯೂಸ್ ಡಬ್ಬಿ ಥರ. ‘ಒಂದು ನೈಂಟಿ ಹಾಕ್ಕೊಂಡು ಬರ್ತೀನಿ’ ಅಂತಾರೆ. ಅಂಗಡಿ ಪಕ್ಕದ ಗೋಡೆಗೆ ಮುಖ ಮಾಡಿ ನಿಂತು, ಒಂದು ಪ್ಲಾಸ್ಟಿಕ್ ಲೋಟ ನೀರು ತೋರಿಕೆಗೆ ಸೇರಿಸಿ, ಮೂರು ಗುಟುಕಿಗೆ ಎತ್ತಿ, ಬಾಯಿಗೆ ಒಂದು ಚಿಟಿಕೆ ಉಪ್ಪಿನಕಾಯಿ ಹಾಕ್ಕೊಂಡು ಹೊರಡ್ತಾರೆ. ವರ್ನನ್ ದೂರಿದ್ದು ಇದನ್ನೇ ಅಲ್ವಾ? ಪಾನೀಯ ಬದಲಾಯಿತು, ಕುಡಿಯೋ ರೀತಿ ಹಾಗೇ ಉಳಿಯಿತು. ನಮ್ಮಲ್ಲಿ ಯಾವ ಬೆಲೆಯ ಬಾಟಲಿ ಅನ್ನೋದಕ್ಕಿಂತ ಎಷ್ಟು ಬೇಗ, ಎಷ್ಟು ಮರೆಯಲ್ಲಿ ಅನ್ನೋದು ಹೆಚ್ಚು ಮನೆ ಹಾಳುಮಾಡಿದೆ ಅಂತ ನನ್ನ ಅಭಿಪ್ರಾಯ. ಒಪ್ಪದವರೂ ಇದ್ದಾರೆ. ಅವರಲ್ಲಿ ಒಬ್ಬರು ನಮ್ಮಮ್ಮ, ಅವರ ಮಾತು ಆಮೇಲೆ ಬರುತ್ತೆ.

ಡೈಕಿರಿ ಅನ್ನೋದು ಮೊದಲಿಗೆ ಒಂದು ಊರಿನ ಹೆಸರು. ಕ್ಯೂಬಾದ ಪೂರ್ವದ ತುದಿಯಲ್ಲಿ ಸಾಂಟಿಯಾಗೊ ನಗರದ ಹತ್ತಿರ, ಸಮುದ್ರದಂಡೆ, ಹಿಂದೆ ಬೆಟ್ಟ, ಬೆಟ್ಟದಲ್ಲಿ ಕಬ್ಬಿಣದ ಅದಿರು. ನಮ್ಮ ಚಿಕ್ಕನಾಯಕನಹಳ್ಳಿ ಕಡೆಯ ಗಣಿ ಗುಡ್ಡಗಳಿಗೆ ಒಂದು ಕಡಲು ಸೇರಿಸಿಕೊಂಡರೆ ಹೇಗಿರುತ್ತೋ ಹಾಗೆ ಅಂತ ನಾನು ಕಲ್ಪಿಸಿಕೊಂಡಿದ್ದೀನಿ. ಸ್ಪೇನಿನ ಜೊತೆ ಯುದ್ಧವಾದಾಗ 1898ರ ಜೂನ್‌ನಲ್ಲಿ ಅಮೆರಿಕದ ಸೈನ್ಯ ಕ್ಯೂಬಾಕ್ಕೆ ಇಳಿದದ್ದು ಇದೇ ಡೈಕಿರಿಯ ದಂಡೆಗೆ. ಅಲ್ಲಿನ ಗಣಿಯಲ್ಲಿ ಜೆನಿಂಗ್ಸ್ ಕಾಕ್ಸ್ ಅನ್ನೋ ಅಮೆರಿಕನ್ ಎಂಜಿನಿಯರ್ ಇದ್ದ. ಮನೆಗೆ ನೆಂಟರು ಬಂದರು, ಜಿನ್ ಖಾಲಿಯಾಗಿತ್ತು, ಊರ ರಮ್ಮನ್ನು ಹಾಗೇ ಕೊಡೋಕೆ ಸಂಕೋಚ. ನಿಂಬೆರಸ, ಸಕ್ಕರೆ, ಐಸು ಹಾಕಿ ಅಲ್ಲಾಡಿಸಿ ಕೊಟ್ಟ ಅಂತ ಒಂದು ಕತೆ. ಕಾಕ್ಸ್ ಬರೆದಿಟ್ಟ ಅಳತೆಯೂ ಉಳಿದಿದೆ: ಆರು ಜನಕ್ಕೆ ಆರು ನಿಂಬೆಹಣ್ಣು, ಆರು ಚಮಚ ಸಕ್ಕರೆ, ಆರು ಕಪ್ಪು ಬಕಾರ್ಡಿ, ಎರಡು ಸಣ್ಣ ಕಪ್ಪು ನೀರು, ಬೇಕಾದಷ್ಟು ಪುಡಿ ಐಸು. ನೋಡಿ, ನೀರು ಇಲ್ಲೂ ಇದೆ.

ಎಂಜಿನಿಯರ್ ಅಂದಾಕ್ಷಣ ನನಗೆ ಪ್ರೀತಿ ಉಕ್ಕಿತು, ಸುಳ್ಳು ಯಾಕೆ ಹೇಳಲಿ. ಆದರೆ ಅವನೇ ಕಂಡುಹಿಡಿದ ಅನ್ನೋದು ಅತಿ. ಸಮುದ್ರದಂಡೆಯ ಊರು, ಮನೆ ಹಿತ್ತಲಲ್ಲಿ ನಿಂಬೆ, ಎದುರಿಗೆ ಕಬ್ಬಿನ ಗದ್ದೆ, ಸಾಂಟಿಯಾಗೊದಲ್ಲೇ 1862ರಿಂದ ಬಕಾರ್ಡಿ ಕಾರ್ಖಾನೆ. ಇವನು ಬರೋ ಮುಂಚೆ ಅಲ್ಲಿನ ಜನ ಈ ಮೂರನ್ನು ಬೆರೆಸಿರಲೇ ಇಲ್ಲ ಅಂದರೆ ನಂಬೋದು ಕಷ್ಟ. ಅವನು ಮಾಡಿದ್ದು ಅಳತೆ ಬರೆದಿಟ್ಟಿದ್ದು, ಹೆಸರು ಅಂಟಿಸಿದ್ದು. ಡಾಕ್ಯುಮೆಂಟೇಶನ್ ಮಾಡಿದವನಿಗೇ ಹೆಸರು, ಕೋಡ್ ಬರೆದವರು ಯಾರಿಗೂ ಗೊತ್ತಿರಲ್ಲ.

1909ರಲ್ಲಿ ಲೂಶಿಯಸ್ ಜಾನ್ಸನ್ ಅನ್ನೋ ಅಮೆರಿಕನ್ ನೌಕಾಪಡೆ ವೈದ್ಯ ಇದನ್ನು ಕಾಕ್ಸ್ ಹತ್ತಿರ ಕುಡಿದು, ವಾಷಿಂಗ್ಟನ್ನಿನ ಆರ್ಮಿ ಅಂಡ್ ನೇವಿ ಕ್ಲಬ್ಬಿಗೆ ಒಯ್ದ. ಆಮೇಲೆ ಹವಾನಾದ ಫ್ಲೋರಿಡಿಟಾ ಬಾರಿನಲ್ಲಿ ಕಾನ್‌ಸ್ಟಾಂಟಿನೊ ರಿಬಲೈಗುವಾ ಅನ್ನೋ ಬಾರ್ಮನ್ ಇದನ್ನು ಬಗೆಬಗೆಯಾಗಿ ತಿದ್ದಿದ. ಹೆಮಿಂಗ್ವೇ ಅಲ್ಲೇ ಕೂತು ಸಕ್ಕರೆ ಬಿಟ್ಟು, ರಮ್ಮು ಎರಡು ಪಾಲು ಹಾಕಿಸಿಕೊಂಡು ಕುಡೀತಿದ್ದ, ಆ ಬಗೆಗೆ ಅವನ ಹೆಸರೇ ಬಿದ್ದಿದೆ. ಈಗಲೂ ಆ ಬಾರಿನ ಮೂಲೆಯಲ್ಲಿ ಅವನ ಕಂಚಿನ ಪ್ರತಿಮೆ ಒರಗಿ ನಿಂತಿದೆ. ಕತೆಗಾರನ ಹೆಸರಲ್ಲಿ ಪ್ರವಾಸಿಗರು ಮುಗಿಬೀಳೋದು ಸರಿ, ಆದರೆ ಅವನ ಕೊನೆಯ ವರ್ಷಗಳ ಕಾಯಿಲೆ, ಕುಡಿತ ನೋಡಿದರೆ ಅವನು ಮಾದರಿಯೇನಲ್ಲ. ಇನ್ನು ಸ್ಟ್ರಾಬೆರಿ ಸಿರಪ್ಪು ಹಾಕಿ ಮಿಕ್ಸಿಯಲ್ಲಿ ತಿರುವಿ ಗೋಲಾ ಥರ ಕೊಡ್ತಾರಲ್ಲ, ಅದರ ಬಗ್ಗೆ ನನಗೆ ಒಳ್ಳೇ ಮಾತು ಬರಲ್ಲ, ಮುಂದೆ ಹೋಗೋಣ.

ನಮ್ಮ ಕಡೆಯ ಇನ್ನೊಂದು ಎಳೆ ಇದೆ. ಇಂಗ್ಲಿಷರು ಪಂಚ್ ಅಂತಾರಲ್ಲ, ದೊಡ್ಡ ಬಟ್ಟಲಲ್ಲಿ ಮದ್ಯ, ಹಣ್ಣಿನ ರಸ ಕಲಸಿ ಹಂಚೋದು, ಆ ಮಾತು ನಮ್ಮ ಪಂಚದಿಂದಲೇ ಬಂದದ್ದು ಅಂತ ಬಹಳ ಜನ ಒಪ್ಪುತ್ತಾರೆ. ಈಸ್ಟ್ ಇಂಡಿಯಾ ಕಂಪನಿಯವರ 1632ರ ಒಂದು ಕಾಗದದಲ್ಲಿ ಈ ಪದ ಮೊದಲು ಕಾಣುತ್ತೆ, ಅದು ಹೋದದ್ದು ಆಂಧ್ರದ ಕರಾವಳಿಯ ಕೋಠಿಗೆ. 1670ರ ದಶಕದಲ್ಲಿ ನಮ್ಮ ಕಾರವಾರ, ಗೋಕರ್ಣಗಳನ್ನೂ ಸುತ್ತಿದ ವೈದ್ಯ ಜಾನ್ ಫ್ರೈಯರ್ ಇದನ್ನು ಬಿಡಿಸಿ ಬರೆದಿದ್ದಾನೆ: ಗೋವೆ ಕಡೆಯ ಸಾರಾಯಿಯಿಂದ ಮಾಡೋದು, ಐದು ಸಾಮಾನು ಬೀಳೋದರಿಂದ ಈ ಹೆಸರು, ಕುಡಿದವರನ್ನು ನಿಶ್ಶಕ್ತರನ್ನಾಗಿ ಮಾಡುತ್ತೆ ಅಂತ. ಅಂದರೆ ಮದ್ಯಕ್ಕೆ ನಿಂಬೆ, ಸಕ್ಕರೆ, ನೀರು, ಮಸಾಲೆ ಸೇರಿಸೋದನ್ನು ಅವರು ಕಲಿತದ್ದೇ ಇಲ್ಲಿ. ಮದ್ಯ ತೆಗೆದುಬಿಟ್ಟರೆ ಉಳಿಯೋದು ಪಾನಕ. ಅದು ನಮ್ಮಲ್ಲಿ ಎಷ್ಟು ಹಳೇದು ಅಂದರೆ 16ನೇ ಶತಮಾನದ ಮೂರನೇ ಮಂಗರಸ ತನ್ನ ‘ಸೂಪಶಾಸ್ತ್ರ’ದಲ್ಲಿ ಪಾನಕಗಳಿಗೇ ಒಂದು ಅಧ್ಯಾಯ ಇಟ್ಟಿದ್ದಾನೆ.

ರಮ್ಮಿಗೆ ಬೇಕಾದ ಕಾಕಂಬಿಗೆ ನಮ್ಮಲ್ಲೇನೂ ಬರವಿಲ್ಲ. ಮಂಡ್ಯದಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾಗಿ, ಕಾಕಂಬಿಯಿಂದ ಸ್ಪಿರಿಟ್ ತೆಗೆಯೋ ಘಟಕವೂ ಅದಕ್ಕೆ ಸೇರಿತು. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ 1948ರದ್ದು, ಈಚೆಗೆ ಅವರು ಕೆರಿಬಿಯನ್ ರಮ್ಮಿಗೆ ನಮ್ಮ ಬೆಲ್ಲದ ಮದ್ಯ ಸೇರಿಸಿ ‘ಟೂ ಇಂಡೀಸ್’ ಅಂತ ಒಂದು ರಮ್ಮು ಮಾಡಿದ್ದಾರೆ, ಹೆಸರಲ್ಲೇ ಇಡೀ ಇತಿಹಾಸ ಇದೆ. ಆದರೂ ರಮ್ಮು ಅಂದರೆ ನಮ್ಮ ಕಡೆ ಮಿಲಿಟರಿಯವರ ಮಾಲು. ಪ್ರತಿ ಹಳ್ಳಿಯಲ್ಲೂ ಒಬ್ಬ ನಿವೃತ್ತ ಯೋಧ, ಅವರ ಕ್ಯಾಂಟೀನ್ ಕೋಟಾ, ಆ ಕೋಟಾದ ಮೇಲೆ ಕಣ್ಣಿಟ್ಟ ನಾಲ್ಕು ನೆಂಟರು. ನಮ್ಮ ಸೋದರಮಾವ ಅಂಥವರು. ಹಿಮದಲ್ಲಿ ಕಾವಲು ಕಾದವರು. ರಮ್ಮನ್ನು ಬಿಸಿನೀರಿಗೆ ಬೆರೆಸಿ, ಬಾಟಲಿ ಮುಚ್ಚಳದಲ್ಲಿ ಅಳೆದು ಕುಡಿಯೋರು, ವಾರಕ್ಕೆ ಎರಡು ದಿನ. ಮಂಗಳವಾರ, ಶುಕ್ರವಾರ, ಸೋಮವಾರ ಮುಟ್ಟಲ್ಲ.

ಹೋದ ಬೇಸಿಗೆಯಲ್ಲಿ ಮಾವ ಮನೆಗೆ ಬಂದಿದ್ದಾಗ, ‘ಬೆಂಗಳೂರಲ್ಲಿ ಏನೇನೋ ಮಾಡ್ತಾರಂತಲ್ಲ, ಏನವ್ವಾ ಅದು, ಒಂದ್ಸಲ ತೋರಿಸು ನೋಡಾನ’ ಅಂದರು. ಅಮ್ಮನ ಎದುರೇ ಕೇಳಿಬಿಟ್ಟರು! ಅಮ್ಮ ಮೊದಲು ಅವರ ಕಡೆ, ಆಮೇಲೆ ನನ್ನ ಕಡೆ ತಿರುಗಿದರು.

‘ನಿಂಗೆ ಮಾಡಕ್ಕೆ ಬರ್ತದಾ?’

‘ಬರುತ್ತಮ್ಮ.’

‘ಕುಡಿಯಕ್ಕೂ ಬರ್ತದಾ?’

ಆಫೀಸಿನವರ ಜೊತೆ ಯಾವಾಗಲಾದರೊಮ್ಮೆ, ಒಂದೇ ಲೋಟ, ಅಂದೆ. ಹೇಳಬೇಕಾದ್ದನ್ನು ಹೇಳಿಯಾಯಿತು. ಅಮ್ಮ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಸೊಪ್ಪು ಬಿಡಿಸ್ತಾನೇ ಇದ್ದರು. ನಾನು ಸಮಜಾಯಿಷಿ ಅನ್ನೋ ಹಾಗೆ ವರ್ನನ್ ಕತೆ ಶುರುಮಾಡಿದೆ, ನೀರು ಬೆರೆಸಿದ್ದು, ಎಲ್ಲರೆದುರು ಹಂಚಿದ್ದು. ಪೂರ್ತಿ ಕೇಳಿಸಿಕೊಂಡು ಅಮ್ಮ ಹೇಳಿದ್ದು ಇಷ್ಟು: ‘ನೀರು ಬೆರೆಸಿದ್ರೆ ಹೆಂಡ ಎಲ್ಲಾರ ನೀರಾಯ್ತದೇನೇ? ನಿಮ್ಮ ದೊಡ್ಡಪ್ಪನೂ ಮೊದಲು ಒಂದೇ ಅಂತಿದ್ರು.’

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ವರ್ನನ್ ನೀರು ಬೆರೆಸಿದ ಮೇಲೂ ನೌಕಾಪಡೆಯಲ್ಲಿ ಕುಡಿತ ನಿಲ್ಲಲಿಲ್ಲ, ಅದೂ ನಿಜ. ಒಂದರಲ್ಲಿ ನಿಲ್ಲಿಸೋಕೆ ಆಗುವವರು, ಆಗದವರು ಅಂತ ಇರ್ತಾರೆ, ಯಾರು ಯಾವ ಕಡೆ ಅಂತ ಮೊದಲ ಲೋಟದಲ್ಲಿ ಗೊತ್ತಾಗಲ್ಲ. ಆಗದವರಿಗೆ ಡೈಕಿರಿಯೂ ಒಂದೇ, ಪ್ಯಾಕೆಟ್ಟೂ ಒಂದೇ.

ಆದರೂ ಆವತ್ತು ಮಾಡಿದೆ. ಮಾವನಿಗೆ ಒಂದು, ಅಷ್ಟೇ, ನಾನು ತಗೊಳ್ಳಲಿಲ್ಲ. ಹಿತ್ತಲ ಗಿಡದ ನಿಂಬೆ, ಅವರ ಕೋಟಾದ ಕಪ್ಪು ರಮ್ಮು, ಶೇಕರ್ ಬದಲಿಗೆ ಅಪ್ಪನ ಹಳೇ ಹಾರ್ಲಿಕ್ಸ್ ಬಾಟಲಿ. ಮಾವ ಜಗುಲಿ ಮೇಲೆ ಕೂತು ಸ್ಟೀಲ್ ಲೋಟ ಹಿಡಿದುಕೊಂಡರು. ಮರೆ ಇಲ್ಲ, ಗೋಡೆ ಇಲ್ಲ, ಎದುರಿಗೆ ಮನೆಮಂದಿಯೆಲ್ಲ. ಉಳಿದ ನಿಂಬೆಯಲ್ಲಿ ಅಮ್ಮ ನಮಗೆಲ್ಲ ಪಾನಕ ಮಾಡಿದರು. ಅದೇ ಹಣ್ಣು, ಒಂದೇ ಥರದ ಲೋಟಗಳು. ಮಾವನಿಗೆ ಅದು ಮುಗಿಯೋಕೆ ಮುಕ್ಕಾಲು ಗಂಟೆ ಬೇಕಾಯಿತು. ಹುಳಿ, ಸಿಹಿ, ತಣ್ಣಗೆ, ಗುಟುಕರಿಸೋದಕ್ಕೇ ಹೇಳಿ ಮಾಡಿಸಿದ ಪಾನೀಯ ಅದು, ಎತ್ತಿ ಹೊಯ್ದುಕೊಳ್ಳೋಕೆ ಮನಸ್ಸು ಬರಲ್ಲ. ಮಧ್ಯೆ ಸಿಯಾಚಿನ್ ಕಡೆಯ ಕತೆ, ಎಮ್ಮೆ ಕತೆ, ಎಚ್‌ಎಎಲ್‌ಗೆ ಜಮೀನು ಕೊಟ್ಟಾಗಿನ ಕತೆ ಎಲ್ಲ ಬಂದವು.

ದೊಡ್ಡಮ್ಮನೂ ಅಲ್ಲೇ ಇದ್ದರು, ಕಂಬಕ್ಕೆ ಒರಗಿ. ಅವರು ಬಹಳ ಹೊತ್ತು ಮಾವನ ಲೋಟವನ್ನೇ ನೋಡಿದರು. ಆಮೇಲೆ ಯಾರಿಗೂ ಅಲ್ಲದ ಹಾಗೆ, ‘ಇವರು ಒಂದು ಲೋಟ ಇಟ್ಕೊಂಡು ಇಷ್ಟು ಹೊತ್ತು ಕೂತಿದ್ದು ನಾನು ನೋಡ್ಲೇ ಇಲ್ಲ ಕಣಮ್ಮಾ’ ಅಂದರು. ಇವರು ಅಂದರೆ ದೊಡ್ಡಪ್ಪ. ಯಾರೂ ಏನೂ ಮಾತಾಡಲಿಲ್ಲ. ಅಮ್ಮ ಅವರ ಲೋಟಕ್ಕೆ ಇನ್ನಷ್ಟು ಪಾನಕ ಬಗ್ಗಿಸಿದರು.

ಕಾವಲಿನಲ್ಲಿ ಈಗ ದನ ಮೇಯಲ್ಲ. 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಎದ್ದಿದೆ. 2016ರ ಜನವರಿಯಲ್ಲಿ ಕಲ್ಲು ಹಾಕಿದ್ದು, 2023ರ ಫೆಬ್ರವರಿ 6ರಂದು ಉದ್ಘಾಟನೆ ಆಯಿತು. ಸಂಬಳದ ಜನ ಬರ್ತಿದ್ದಾರೆ, ರಸ್ತೆ ಬದಿ ಬಾಡಿಗೆ ಮನೆ, ದರ್ಶಿನಿ, ಮೊಬೈಲ್ ಅಂಗಡಿ ಏಳ್ತಿವೆ, ಬಾರುಗಳೂ ಏಳುತ್ತವೆ. ಇನ್ನು ಐದು ವರ್ಷಕ್ಕೆ ಇಲ್ಲೇ ಡೈಕಿರಿ ಸಿಕ್ಕರೆ ನನಗೆ ಆಶ್ಚರ್ಯ ಇಲ್ಲ. ಊರ ಹುಡುಗರು ಅದನ್ನೂ ಗೋಡೆಗೆ ಮುಖಮಾಡಿ ಮೂರು ಗುಟುಕಿಗೆ ಎತ್ತುತ್ತಾರಾ, ಇಲ್ಲಾ ಕೂತು ಮಾತಾಡ್ತಾ ಕುಡೀತಾರಾ ಅನ್ನೋದು ನನ್ನ ಕುತೂಹಲ. ಅದನ್ನು ಕುಡಿಯೋದೇ ಬೇಡ ಅನ್ನೋದು ಅಮ್ಮನ ಹರಕೆ.

ಮಾಡೋ ವಿಧಾನ ಕೇಳೇ ಕೇಳ್ತೀರಿ ಅಂತ ಗೊತ್ತು. ಕುಡಿಯೋ ವಯಸ್ಸಿನವರು, ಆವತ್ತು ಗಾಡಿ ಮುಟ್ಟದವರು, ಗುಳಿಗೆ ನುಂಗ್ತಿಲ್ಲದವರು ಮಾತ್ರ ಕೇಳಿಸಿಕೊಳ್ಳಿ. ಬಿಳಿ ರಮ್ಮು 60 ಮಿಲಿ. ನಮ್ಮ ಬಾಟಲಿಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 42.8 ಪಾಲು ಆಲ್ಕೋಹಾಲ್ ಇರುತ್ತೆ, ಹಾಗಾಗಿ 45 ಮಿಲಿ ಹಾಕಿದರೂ ರುಚಿ ಕೆಡಲ್ಲ. ನಿಂಬೆರಸ 25 ಮಿಲಿ, ಎರಡು ಸಣ್ಣ ಹಣ್ಣು ಬೇಕು. ಸಕ್ಕರೆ ಎರಡು ಟೀ ಚಮಚ, ಮೊದಲು ನಿಂಬೆರಸದಲ್ಲೇ ಕರಗಿಸಿಕೊಳ್ಳಿ, ರಮ್ಮಿನಲ್ಲಿ ಅದು ಬೇಗ ಕರಗಲ್ಲ. ಮುಚ್ಚಳ ಗಟ್ಟಿಯಿರೋ ಬಾಟಲಿಗೆ ಎಲ್ಲ ಹಾಕಿ, ಮುಕ್ಕಾಲು ಭಾಗ ಐಸು ತುಂಬಿ, ಕೈ ಮರಗಟ್ಟೋವರೆಗೆ, ಹತ್ತು ಹದಿನೈದು ಸೆಕೆಂಡು ಜೋರಾಗಿ ಅಲ್ಲಾಡಿಸಿ ಸೋಸಿ. ಕರಗೋ ಐಸು ವ್ಯರ್ಥ ಅಲ್ಲ, ವರ್ನನ್ನಿನ ನೀರು ಅದೇ. ಕಪ್ಪು ರಮ್ಮಾದರೆ ಸಕ್ಕರೆ ಒಂದು ಚಮಚ ಕಡಿಮೆ.

ಮದ್ಯ ಇಲ್ಲದ್ದು ಬೇಕಾದವರಿಗೆ, ನಮ್ಮನೆಯಲ್ಲಿ ಬಹುಮತ ಇವರದೇ, ರಮ್ಮಿನ ಜಾಗಕ್ಕೆ ಗಟ್ಟಿ ಬೆಲ್ಲದ ನೀರು. ಕಪ್ಪು ಬಣ್ಣದ, ರಾಸಾಯನಿಕ ಹಾಕದ ಅಚ್ಚು ಬೆಲ್ಲ ಸಿಕ್ಕರೆ ರಮ್ಮಿನಲ್ಲಿರೋ ಆ ಸುಟ್ಟ ಪಾಕದ ವಾಸನೆ ಅದರಲ್ಲೂ ಸಿಗುತ್ತೆ. ಎರಡು ಚಮಚ ಬೆಲ್ಲ ಕಾಲು ಲೋಟ ಬಿಸಿನೀರಲ್ಲಿ ಕರಗಿಸಿ ಆರಿಸಿ, ನಿಂಬೆ ಅಷ್ಟೇ, ಜಜ್ಜಿದ ಶುಂಠಿ ಒಂದು ಚೂರು, ಐಸು ಹಾಕಿ ಹಾಗೇ ಅಲ್ಲಾಡಿಸಿ. ಎರಡಕ್ಕೂ ನಿಂಬೆಯನ್ನು ಆಗಲೇ ಹಿಂಡಿ ಬಳಸಿ. ಫ್ರಿಜ್ಜಿನಲ್ಲಿ ಬೆಳಿಗ್ಗೆ ಹಿಂಡಿಟ್ಟ ರಸ ಸಂಜೆಗೆ ಕಹಿಯಾಗುತ್ತೆ, ಆಮೇಲೆ ಎಷ್ಟು ಸಕ್ಕರೆ ಸುರಿದರೂ ಸರಿಹೋಗಲ್ಲ.